ಕೆಳಮನೆಯ ಕೋಲು

ಬಾಲ್ಯದಲ್ಲಿ ಮೂಗಿಗಂಟಿದ್ದ ಅಜ್ಜನ ತಂಬೂರಿಯ ಮೆರುಗೆಣ್ಣೆಯ ವಾಸನೆ ಈ ಬೇಸ್ ಗಿಟಾರಿನಲ್ಲೂ ಇತ್ತೆಂದೇ ಪಂಕಜಾಕ್ಷಿ ಅದನ್ನು ಆರಿಸಿದ್ದರು. ಜೊತೆಗೆ ದೊಡ್ಡ ಸ್ಪೀಕರನ್ನೂ ತಂದರು.

“ಮಂದ್ರ ಅಂದ್ರೆ ನೆಲಕ್ಕೂ ಕೇಳ್ಬೇಕು ರೀ.”

“ನೆಲದ ಕೆಳಗೆ ಜನ ಇದ್ದಾರೆ ಕಣೇ! ಅವರು ಒಂದು ಮಾತು ಅಂದ್ರೂ ಇದು ಅಂಗಡಿಗೆ ವಾಪಸ್ಸು,” ಎಂದರು ಗಂಡ.

ಮಧ್ಯಾಹ್ನ ದಪ್ಪ ತಂತಿ ಮೀಟಿ ಮೀಟಿ, ಬೆರಳು ಸೋತು ನಿಲ್ಲಿಸಿದ್ದೇ ತಡ, ಕೆಳಗಿನಿಂದ ಕೋಲಿನಲ್ಲಿ ಛಾವಣಿ ಕುಟ್ಟಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ನುಡಿಸಿ ನಿಲ್ಲಿಸಿದರು. ಮತ್ತೆ ಅದೇ ಕುಟ್ಟು.

“ಆಯ್ತಲ್ಲ, ಚೀಲಕ್ಕೆ ಹಾಕು.”

ಅಷ್ಟರಲ್ಲಿ ಕೆಳಮನೆಯ ಶಾಹೀನ್ ಬಾಗಿಲಿಗೇ ಬಂದಳು, ಹೆಗಲ ಮೇಲೆ ಅಳುವ ಕೂಸು.

“ಆಂಟಿ, ನೀವು ನಿಲ್ಲಿಸಿದ ಕೂಡ್ಲೇ ಇವನು ಎದ್ಬಿಡ್ತಾನೆ. ಅದಕ್ಕೇ ಕುಟ್ಟಿದ್ದು,” ಎಂದು ಮೆಲ್ಲಗೆ ಹೇಳಿ, ಬಿಸಿ ಊಟದ ಡಬ್ಬಿಯನ್ನು ಅವರ ಕೈಗಿಟ್ಟಳು.