ಚಕ್ರದಡಿಯ ನಿಂಬೆಹಣ್ಣು

ಮೆಕ್ಯಾನಿಕ್ ಗೋವಿಂದರಾಜು ಮುಂದಿನ ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣನ್ನು ಅಕ್ಕಯಮ್ಮ ಎತ್ತಿಕೊಂಡಳು. ನಂದಗುಡಿಯಿಂದ ಟೊಮ್ಯಾಟೊ ಹೊರುವ ಪಿಕಪ್ ಅವಳದು. ಅದಕ್ಕೆ ಇವನು ಸ್ಟೀರಿಂಗ್ ಶಾಫ್ಟ್ ಹಾಕಿದ್ದು ಇದು ಎರಡನೇ ಸಲ.

“ಶಾಫ್ಟ್ ಕಲ್ಲಿದ್ದಂಗೈತೆ ಕಣಕ್ಕಾ. ಹಣ್ಣಿನ ಮೇಲೆ ಹತ್ತಿಸ್ಕೊಂಡು ಹೋಗ್ತಾ ಇರು.”

“ಹೋದ ಸಲಾನೂ ಇದೇ ಬೊಗಳಿದ್ದೆ. ತಿರುವಲ್ಲಿ ಸ್ಟೀರಿಂಗ್ ಸುಮ್ನೆ ಸುತ್ತಿತು, ಗಾಡಿ ತಿರುಗಲಿಲ್ಲ. ಈಗ ನೀನೇ ಓಡ್ಸು, ಹೈವೇಲಿ ಒಂದು ರೌಂಡ್ ಹೋಗ್ಬರಾಣ.”

ಗೋವಿಂದರಾಜು ಸಿಡುಕುತ್ತಾ ಹತ್ತಿ ಕೂತ. ಕೀ ತಿರುಗಿಸಲು ಹೋದ ಕೈ ಅಲ್ಲೇ ನಿಂತಿತು. ಇಳಿದು, ಸ್ಪ್ಯಾನರ್ ಹಿಡಿದು ಗಾಡಿ ಕೆಳಗೆ ನುಸುಳಿದ. ಶಾಫ್ಟಿನ ಬೋಲ್ಟ್ ಕಿರುಗುಟ್ಟುತ್ತಾ ಇನ್ನೂ ಬಿಗಿಯಾಗುತ್ತಿದ್ದುದು ಅಕ್ಕಯಮ್ಮನಿಗೆ ಕೇಳಿಸಿತು. ಹೊರಗೆ ಚಾಚಿದ್ದ ಅವನ ಕಾಲಿಗೆ ನಿಂಬೆಹಣ್ಣು ಬೀಸಿ ಒಗೆದಳು.

“ಥೂ! ನಾನು ಓಡಿಸಿದ್ರೆ ನಿಂಬೆಹಣ್ಣು, ನೀನು ಓಡಿಸಿದ್ರೆ ಸ್ಪ್ಯಾನರ್ರೇನ್ಲಾ?”