ಮೇಲಿನ ಬಲಮೂಲೆ

ಜಟ್ಟಜ್ಜ ಹೊಸ ಫ್ರೇಮನ್ನು ತಿರುಗಿಸಿ ತಿರುಗಿಸಿ ನೋಡಿದ. ಮೇಲಿನ ಬಲಮೂಲೆಗೆ ಹೆಬ್ಬೆರಳಿನ ಉಗುರು ಹಾಕಿ ಕೆರೆದ. ಉಗುರು ಒಳಗೆ ಹೋಗಲಿಲ್ಲ. “ಇದು ಬೇಡ ತಮ್ಮಾ, ಇದಕ್ಕೆ ಸಂದಿಯೇ ಇಲ್ಲ,” ಎಂದ.

ಅಜಯ ಕಣ್ಣುಕಣ್ಣು ಬಿಟ್ಟ. ಹೊನ್ನಾವರದ ಪೇಟೆಯಲ್ಲಿ ಅವನ ಫ್ರೇಮಿನ ಅಂಗಡಿಗೆ ಹೆಸರು ಬಂದದ್ದೇ ಮೂಲೆಗಳಿಂದ. ಪಟ್ಟಿಗಳನ್ನು ಓರೆಯಾಗಿ ಕೊಯ್ದು, ಅಂಟು ಹಚ್ಚಿ, ಕ್ಲ್ಯಾಂಪಿಗೆ ಕೊಟ್ಟು ತಿರುಪು ಬಿಗಿದು, ಮೂಲೆಮಟ್ಟ ಹಿಡಿದು ನೋಡಿ, ಹಿಂದಿನಿಂದ ಪಿನ್ನು ಒತ್ತಿದನೆಂದರೆ ಕೂದಲೂ ತೂರಬಾರದು. ಮಳೆಗಾಲದ ಥಂಡಿಗೆ ಊರಿನ ಬಾಗಿಲುಗಳೆಲ್ಲ ಉಬ್ಬಿಕೊಂಡರೂ ಅವನ ಫ್ರೇಮು ಬಾಯಿಬಿಟ್ಟದ್ದಿಲ್ಲ. ಸಂದಿ ಬಿಟ್ಟಿದೆ ಎಂದು ಜಗಳಕ್ಕೆ ಬರುವವರುಂಟು; ಸಂದಿಯಿಲ್ಲ ಎಂದು ತಕರಾರು ತೆಗೆದವನು ಇವನೇ ಮೊದಲು.

“ಸಂದಿ ಎಂತಕ್ಕೆ ಅಜ್ಜ? ಇರುವೆ ಹೋಗೂಕಾ?”

“ಹಳೇ ಫ್ರೇಮಿಗೆ ಇತ್ತು. ಬಾಯಿಬಿಟ್ಟದ್ದು ಮನೇಲಿ ಇರೂಕಾಗ ಅಂತ ಸೊಸೆ ಅದನ್ನ ಒಲೆಗೆ ಹಾಕಿ, ಫೋಟೋ ನಿನ್ನ ಹತ್ರ ಕಳ್ಸಿದ್ಲು. ನಾ ಬಂದರಿಗೆ ಹೋಗಿದ್ದೆ.”

ಒಳಗಿದ್ದದ್ದು ಅಜ್ಜನ ಹೆಂಡತಿ ತಿಮ್ಮಿ. ಹೋದ ವರ್ಷ ತೀರಿಕೊಂಡವಳು. ಆಧಾರ್ ಕಾರ್ಡಿಗೆ ತೆಗೆದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಮಾವಿನಕುರ್ವೆಯಿಂದ ಮೀನು ಬುಟ್ಟಿ ಹೊತ್ತು ಇದೇ ಬೀದಿಯಲ್ಲಿ ಕೂಗುತ್ತ ಹೋಗುತ್ತಿದ್ದವಳನ್ನು ಅಜಯನೂ ಬಲ್ಲ. ಚಿತ್ರದಲ್ಲಿ ಏನೋ ಕಡಿಮೆ ಇದೆ ಅಂತ ಫ್ರೇಮು ಹಾಕುವಾಗಲೇ ಅನ್ನಿಸಿತ್ತು, ಏನೆಂದು ಹೊಳೆದಿರಲಿಲ್ಲ.

“ಸಂದಿ ಬಿಟ್ಟರೆ ನನ್ನ ಅಂಗಡಿ ಮರ್ಯಾದೆ ಹೋಗ್ತದೆ. ಎಂತಕ್ಕೆ ಅಂತ ಹೇಳಿ, ಆಮೇಲೆ ನೋಡುವಾ.”

ಅಜ್ಜ ಅಂಗಿಯ ಕಿಸೆಯಿಂದ ಬಾಳೆಎಲೆಯ ತುಂಡೊಂದನ್ನು ತೆಗೆದು ಬಿಚ್ಚಿದ. ಒಳಗೆ ಒಂದೇ ಒಂದು ಅಬ್ಬಲಿಗೆ ಹೂ. ಅದನ್ನು ಬಲಮೂಲೆಗೆ ಹಿಡಿದ. ಹೂ ಇಳಿದು ಸರಿಯಾಗಿ ತಿಮ್ಮಿಯ ತುರುಬಿನ ಪಕ್ಕ ಬಂತು.

“ಕಾರ್ಡಿನ ಫೋಟೋಕ್ಕೆ ಅಂತ ಹೂ ತೆಗೆಸಿದ್ರು. ಹೂ ಇಲ್ದೆ ಅವಳು ಬುಟ್ಟಿ ಎತ್ತಿದವಳೇ ಅಲ್ಲ. ಆ ಸಂದಿಯಲ್ಲಿ ದಿನಾ ಸಿಕ್ಕಿಸ್ತಿದ್ದೆ. ಇವತ್ತು ಎಲ್ಲಿ ಇಡೂದು?”

“ಮಾಲೆ ಹಾಕಬಹುದಲ್ಲ ಅಜ್ಜ?”

“ಮಾಲೆ ಸತ್ತವರಿಗೆ ಹಾಕೂದು ತಮ್ಮಾ. ಇದು ಮುಡಿಸೂದು.”

ಅಜಯ ಫೋಟೋ, ಗಾಜು ಬದಿಗಿಟ್ಟು ಬಲಮೂಲೆಯ ಪಿನ್ನು ಕಿತ್ತು ಅಂಟು ಬಿಡಿಸಿದ. ಪಟ್ಟಿಯ ತುದಿಯನ್ನು ಹೊರಬದಿಗೆ ಮಾತ್ರ ಅರದಿಂದ ಉಜ್ಜಿ, ಒಳಬದಿಗೆ ಅಂಟು ಹಚ್ಚಿ ಮತ್ತೆ ಕ್ಲ್ಯಾಂಪಿನಲ್ಲಿ ಕೂರಿಸಿದ. ಎಷ್ಟು ಸಂದಿ ಬಿಡಲಿ ಎಂದು ಕೇಳಿದ್ದಕ್ಕೆ ಅಜ್ಜ ಹೂವನ್ನೇ ಮುಂದೆ ಚಾಚಿದ. ಬಿಗಿದೇ ಪಳಗಿದ ಕೈ ಅಜಯನದು; ಎರಡು ಪಟ್ಟಿಗಳ ನಡುವೆ ಹೂವಿನ ತೊಟ್ಟಿಟ್ಟು, ಅದು ನಲುಗದಂತೆ ತಿರುಪನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದ.

ಅಂಟು ಹಿಡಿಯುವವರೆಗೂ ಅಜ್ಜ ಕದಲಲಿಲ್ಲ. ಪಿನ್ನು ಒತ್ತಿ, ಫೋಟೋ ಕೂರಿಸಿ ಕೊಟ್ಟಾಗ ಹೂವನ್ನು ಮೆಲ್ಲಗೆ ಎಳೆದು ನೋಡಿದ. ಬರಲಿಲ್ಲ. ಫ್ರೇಮನ್ನು ಕೈಯಳತೆ ದೂರ ಹಿಡಿದ.

“ಆತು,” ಎಂದ. “ಈಗ ಹೊರಟ್ಲು ಪೇಟೆಗೆ.”