ಒಳಗಿನದನ್ನು ಕಳೆದೆಯಾ?

ಮುರಿದ ಕಬ್ಬಿಣದ ಕೊಳವೆಯ ತುಂಡನ್ನು ವಿಜಯಲಕ್ಷ್ಮಿ ಟಿಫನ್ ಬಾಕ್ಸಿನಲ್ಲಿ ಅಡಗಿಸಿಕೊಂಡು ಆಫೀಸಿಗೆ ತಂದಿದ್ದಳು. ಊಟದ ಹೊತ್ತಿಗೆ ಎಲ್ಲರೂ ಕೆಳಗಿಳಿದರು. ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ಅವಳು ಅಳತೆಯ ವರ್ನಿಯರ್ ಹಿಡಿದಳು. ಆಯತಾಕಾರದ ಕೊಳವೆ. ಎತ್ತರ ಐವತ್ತು ಮಿಲಿಮೀಟರು, ಅಗಲ ಇಪ್ಪತ್ತೈದು, ತಗಡಿನ ದಪ್ಪ ಬರೀ ಎರಡು.

ಅವಳ ಗಂಡನನ್ನು ಕೊಂದದ್ದು ಈ ತುಂಡೇ.

ಗುರುಸಿದ್ದ ಸೋಲಾರ್ ವಾಟರ್ ಹೀಟರ್ ರಿಪೇರಿ ಮಾಡುತ್ತಿದ್ದ. ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಟೆರೇಸಿನ ಜಾಗ ಸಾಲದೆ, ಹೀಟರಿನ ಸ್ಟ್ಯಾಂಡನ್ನು ಗೋಡೆಯಿಂದಾಚೆಗೆ ಚಾಚಿ ಕೂರಿಸಿದ್ದರು. ಪ್ಯಾನೆಲ್ ತೊಳೆಯಲು ಅವನು ಅದರ ಮೇಲೆ ಕಾಲಿಟ್ಟ. ಸ್ಟ್ಯಾಂಡಿನ ತೋಳು ಬಾಗಿ ಮುರಿಯಿತು. ನಾಲ್ಕು ಮಹಡಿ. ಮದುವೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

‘ಹತ್ತಬಾರದ ಕಡೆ ಹತ್ತಿದ, ಅವನದೇ ಅಜಾಗರೂಕತೆ’ ಎಂದು ಅಪಾರ್ಟ್‌ಮೆಂಟಿನವರು ಪೊಲೀಸರಿಗೆ ಬರೆದುಕೊಟ್ಟು ಕೈತೊಳೆದುಕೊಂಡರು. ಸತ್ತವನು ಎದ್ದುಬಂದು ಜಗಳಕ್ಕೆ ನಿಲ್ಲುತ್ತಾನೆಯೇ! ಸಿಂಧನೂರಿನಿಂದ ಅತ್ತೆ ಯಲ್ಲವ್ವ ದಿನವೂ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದಳು.

“ನನ್ನ ಮಗಂದು ತಪ್ಪಿತ್ತೇನವ್ವಾ?”

“ಇಲ್ರೀ ಅತ್ತಿ. ತಪ್ಪು ಮಾಡಿದೋರ ಹೆಸರು ನಾನ ನಿಮಗ ಹೇಳ್ತೀನಿ,” ಎಂದು ವಿಜಯಲಕ್ಷ್ಮಿ ಮಾತು ಕೊಟ್ಟಿದ್ದಳು. ಆ ಮಾತೊಂದೇ ಅವಳನ್ನು ಹದಿನೈದು ದಿನದಿಂದ ಎಬ್ಬಿಸಿ ಓಡಾಡಿಸುತ್ತಿತ್ತು.

ತುಂಡನ್ನು ತಂದುಕೊಟ್ಟವನು ಗುರುಸಿದ್ದನ ಜೊತೆಗೆಲಸದ ಮೌನೇಶ. ಕೊಡುವಾಗ ತಲೆ ತಗ್ಗಿಸಿಯೇ ಹೇಳಿದ್ದ: “ಅಕ್ಕಾರ, ಸಾರಕ್ಕಿ ವೆಲ್ಡಿಂಗ್ ಅಂಗಡ್ಯಾಂವಗ ಕೇಳಿದ್ನಿ. ಸ್ಟ್ಯಾಂಡಿನ ಡ್ರಾಯಿಂಗ್ ನಿಮ್ಮ ಆಫೀಸಿಂದ ಅಂತ್ರಿ. ಐದಾರು ವರ್ಷದ ಹಿಂದಿಂದು.”

ಅಂಥ ಸಣ್ಣಪುಟ್ಟ ಡ್ರಾಯಿಂಗ್ ಆಫೀಸಿನಿಂದ ವರ್ಷಕ್ಕೆ ನೂರಾರು ಹೋಗುತ್ತವೆ; ಯಾವುದು ಯಾವ ಕಟ್ಟಡದ್ದೆಂದು ಯಾರಿಗೂ ನೆನಪಿರುವುದಿಲ್ಲ. ಆಫೀಸೆಂದರೆ ಜೆ.ಪಿ. ನಗರದ ಎರಡು ಕೋಣೆ, ನಾಲ್ಕು ಕಂಪ್ಯೂಟರು, ಯಜಮಾನರು ಇಂಜಿನಿಯರ್ ಸಂಜೀವಯ್ಯ. ಕಾಲೇಜು ಮುಗಿಸಿ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವರು. ಗುರುಸಿದ್ದನ ಮಣ್ಣಿಗೆ ಬಂದು, ದೂರ ನಿಂತು, ಮಗುವಿನ ಹಾಗೆ ಅತ್ತಿದ್ದರು. ಅಂದಿನಿಂದ ಅವಳ ಮುಖ ನೋಡಿ ಮಾತಾಡಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಪುಟ್ಟೇನಹಳ್ಳಿಯ ಆ ಒಂದು ಕಡತ ಮಾತ್ರ ಮಾಯ. ಮೊನ್ನೆ ಅವರ ಬೆರಳ ತುದಿಯಲ್ಲಿ ವೈಟ್ನರ್ ಮೆತ್ತಿಕೊಂಡಿತ್ತು. ಈ ಕಾಲದಲ್ಲಿ ವೈಟ್ನರ್ ಯಾರು ಬಳಸುತ್ತಾರೆ?

ಅವಳು ಪರದೆಯ ಮೇಲೆ ಆಯತವೊಂದನ್ನು ಎಳೆದಳು. ಅದರೊಳಗೆ ಇನ್ನೊಂದು. ಮಾನಿಟರಿನ ಅಂಚಿನಲ್ಲಿ ಸಂಜೀವಯ್ಯನವರ ಕೈಬರಹದ ಹಳೇ ಚೀಟಿ: ‘ಒಳಗಿನದನ್ನು ಕಳೆದೆಯಾ?’ ಕೊಳವೆಯ ಹೊಟ್ಟೆ ಟೊಳ್ಳು. ಒಳಗಿನ ಆಯತವನ್ನು ಕಳೆಯೆಂದು ಹೇಳದಿದ್ದರೆ ಕಂಪ್ಯೂಟರ್ ಅದನ್ನು ಗಟ್ಟಿ ಕಬ್ಬಿಣವೆಂದೇ ನಂಬಿ ಲೆಕ್ಕ ಕೊಡುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ. ಅವಳೂ ಎರಡು ಸಲ ಸಿಕ್ಕಿಬಿದ್ದು ಬೈಸಿಕೊಂಡಿದ್ದಳು. ಚೀಟಿ ಅಂಟಿದ ಮೇಲೆ ಒಮ್ಮೆಯೂ ಮರೆತಿಲ್ಲ.

ಕಳೆದಳು. ಕಮಾಂಡ್ ಕೊಟ್ಟಳು. ವಿಸ್ತೀರ್ಣ ಬಂತು, ಕೇಂದ್ರಬಿಂದು ಬಂತು, ಕೊನೆಗೆ ಆಫೀಸಿನಲ್ಲಿ ಎಲ್ಲರೂ ‘ಐ ವ್ಯಾಲ್ಯೂ’ ಎನ್ನುವ ಅಂಕಿ. ಅದು ದೊಡ್ಡದಾದಷ್ಟೂ ಕಬ್ಬಿಣ ಬಾಗುವುದು ಕಡಿಮೆ. ತೊಂಬತ್ತು ಸಾವಿರದ ಎಪ್ಪತ್ತೊಂಬತ್ತು. ನೀರು ತುಂಬಿದ ಟ್ಯಾಂಕನ್ನು ಹೊರುವುದೇ ಇದಕ್ಕೆ ಕಷ್ಟ. ಮೇಲೆ ಒಬ್ಬ ಮನುಷ್ಯ ನಿಂತರೆ ಮುಗಿಯಿತು.

ಹಾಗಿದ್ದರೆ ಗುರುಸಿದ್ದನದು ತಪ್ಪಲ್ಲ. ಅವಳಿಗೆ ಅಳು ಒತ್ತರಿಸಿ ಬಂತು.

ಸಂಜೀವಯ್ಯ ಒಳಬಂದರು. ಮೇಜಿನ ಮೇಲಿನ ತುಂಡನ್ನು ಕಂಡು ಕುರ್ಚಿಗೆ ಕೈಯೂರಿದರು.

“ಸಾರ್, ಪುಟ್ಟೇನಹಳ್ಳಿ ಫೈಲ್ ಕೊಡಿ.”

“ಬೇಡ ಕಣಮ್ಮ. ಅದನ್ನ ನೋಡ್ಬೇಡ.”

“ಯಾಕೆ ಸಾರ್? ಯಾರ ಹೆಸರು ಹಾಳಾಗತ್ತೆ?”

“ತಪ್ಪು ನಂದು. ಚೆಕ್ ಮಾಡ್ಬೇಕಾಗಿದ್ದೋನು ನಾನು, ಮಾಡ್ದೆ ಸೈನ್ ಹಾಕ್ದೋನೂ ನಾನೇ. ಸ್ಟೇಷನ್‌ಗೆ ಇವತ್ತೇ ಹೋಗಿ ಹೇಳ್ತೀನಿ. ಅಷ್ಟು ಸಾಕಲ್ವಾ ತಾಯಿ?”

“ಯಾವ ಮುಖ ಇಟ್ಕೊಂಡು ಬಂದು ಅತ್ರಿ ಸಾರ್ ನೀವು?”

ಸಂಜೀವಯ್ಯ ಫೈಲುಗಳ ಬೀರುವಿಗೆ ಅಡ್ಡ ನಿಂತರು. ಅವಳು ಅವರನ್ನು ಸರಿಸಿಯೇಬಿಟ್ಟಳು. ಆರು ವರ್ಷದಲ್ಲಿ ಎದುರು ಮಾತಾಡದವಳು!

ಫೈಲಿನಲ್ಲಿ ಒಂದೇ ಹಾಳೆ. ಐ ವ್ಯಾಲ್ಯೂ: ಎರಡು ಲಕ್ಷದ ಅರವತ್ತು ಸಾವಿರದ ನಾನೂರ ಹದಿನೇಳು. ಗಟ್ಟಿ ಕಬ್ಬಿಣದ ಅಂಕಿ. ಒಳಗಿನದನ್ನು ಕಳೆದೇ ಇಲ್ಲ. ಅವಳಿಗೆ ಚೀಟಿ ಅಂಟಿಸಿದ ಮನುಷ್ಯನೇ ಮರೆತಿದ್ದ! ಹಾಳೆಯ ಮೂಲೆಯಲ್ಲಿ, ಹೆಸರುಗಳಿರುವ ಕಡೆ, ದಪ್ಪಗೆ ಬಳಿದ ವೈಟ್ನರ್.

“ಹೆಸರು ಮುಚ್ಚಿಟ್ರೆ ಸತ್ತೋರು ಬರ್ತಾರಾ ಸಾರ್?”

“ವಿಜಯಾ, ನಿನ್ನ ಕಾಲಿಗೆ ಬೀಳ್ತೀನಿ. ಕೆರೀಬೇಡ.”

ಫೋನ್ ಬಡಿದುಕೊಂಡಿತು. ಯಲ್ಲವ್ವ.

“ಅತ್ತಿ, ಹೆಸರು ಸಿಕ್ಕೈತ್ರಿ. ನಿಮ್ಮ ಮಗಂದು ಏನೂ ತಪ್ಪಿಲ್ಲ. ಒಂದ್ ನಿಮಿಷ ತಡೀರಿ.”

ಉಗುರಿನಿಂದ ಕೆರೆಯತೊಡಗಿದಳು. ಕೆರೆಯುತ್ತಲೇ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ‘ಪರಿಶೀಲಿಸಿದವರು’ ಎಂಬಲ್ಲಿ ಸಂಜೀವಯ್ಯನವರ ಸಹಿ ಯಾವ ಬಣ್ಣವೂ ತಾಗದೆ, ಇದ್ದ ಹಾಗೇ ಇತ್ತು.

“ಹೇಳವ್ವಾ, ಯಾರದು ಹೆಸರು?” ಎಂದು ಯಲ್ಲವ್ವ ಕೇಳುತ್ತಲೇ ಇದ್ದಳು.

ಬಿಳಿಯ ಪದರ ಉದುರಿತು. ‘ರಚಿಸಿದವರು: ವಿಜಯಲಕ್ಷ್ಮಿ.’